ಗುಡ್ಡದ ಮನೆಯ ಬೈಕಿಗೆ ನಾಲ್ಕು ತಿಂಗಳ ಪಥ್ಯ

ಜನವರಿ ಕೊನೆಗೆ ಮುಳಿಹುಲ್ಲು ಒಣಗುತ್ತದೆ. ಅಲ್ಲಿಂದ ಮೊದಲ ಮಳೆ ಬೀಳುವ ತನಕ ಘಟ್ಟದ ತಪ್ಪಲಿನ ಕೃಷಿಕರಿಗೆ ಒಂದು ಕಣ್ಣು ಸದಾ ಗುಡ್ಡದ ಮೇಲೆ. ಹೊಗೆ ಕಂಡರೆ ಅಂಗಳದಲ್ಲಿ ಮೊದಲು ಸ್ಟಾರ್ಟ್ ಆಗುವುದು ಬೈಕು. ಅದೇ ಬೈಕನ್ನು ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿ ಹುಟ್ಟಲೂಬಹುದು. ಹಾಗಾಗಿ ಈ ನಾಲ್ಕು ತಿಂಗಳು ಗುಡ್ಡದ ಬೈಕಿಗೆ ಸ್ವಲ್ಪ ಪಥ್ಯ ಬೇಕು. ಖರ್ಚು ಹೆಚ್ಚಿಲ್ಲ, ಗಮನ ಬೇಕು, ಅಷ್ಟೆ.

ಬೈಕಿಲ್ಲದೆ ದಿನ ಹೋಗದು

ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆಯಿರಲಿ, ಘಟ್ಟದ ಕೆಳಗಿನ ಬೆಳ್ತಂಗಡಿ, ಸುಳ್ಯ ಕಡೆಯಿರಲಿ, ಡಾಮರು ಮುಗಿದ ಮೇಲೂ ಒಂದೆರಡು ಕಿಲೋಮೀಟರ್ ಮಣ್ಣುದಾರಿ ಏರಿ ಹೋಗಬೇಕಾದ ಮನೆಗಳು ಬೇಕಾದಷ್ಟಿವೆ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಹುಡಿಮಣ್ಣು ಮತ್ತು ಉರುಳುವ ಕಲ್ಲು. ಜೀಪು ಇಟ್ಟುಕೊಳ್ಳುವಷ್ಟು ಅನುಕೂಲ ಎಲ್ಲರಿಗೂ ಇಲ್ಲ.

ಹಿಂದೆ ಇಲ್ಲಿ ತಲೆಹೊರೆ. ಆಮೇಲೆ ಎಂ-80, ರಾಜದೂತ್, ಎಝ್ಡಿ ಬಂದವು. ಈಗ ನೂರು ಸಿಸಿಯ ಬೈಕು, ಟಿವಿಎಸ್ ಎಕ್ಸ್‌ಎಲ್. ಬೆಳಗ್ಗೆ ಡೈರಿಗೆ ಹಾಲಿನ ಕ್ಯಾನು, ಹಿಂದೆ ಬರುವಾಗ ಹಿಂಡಿ ಚೀಲ. ಗ್ಯಾಸ್ ಸಿಲಿಂಡರ್, ಪೈಪಿನ ಸುರುಳಿ, ಶಾಲೆಗೆ ಹೋಗುವ ಮಕ್ಕಳು, ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕಾದವರು, ಎಲ್ಲರಿಗೂ ಅದೇ ಗತಿ. 'ದನ ಒಂದು ಕಡಿಮೆಯಾದ್ರೂ ಸುಧಾರಿಸ್ಬಹುದು, ಬೈಕ್ ಕೈಕೊಟ್ರೆ ಆಗ್ಲಿಕ್ಕಿಲ್ಲ' ಎನ್ನುವವರು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಸವಾರಿ ಇದೆ: ನೀರಿನ ಪೈಪು ನೋಡಲು ಹೋಗುವುದು. ಮೇಲಿನ ತೋಡಿನಿಂದಲೋ ಒರತೆಯಿಂದಲೋ ಅರ್ಧ, ಒಂದು ಕಿಲೋಮೀಟರ್ ಕಪ್ಪು ಪೈಪು ಎಳೆದು ನೀರು ತಂದವರು ವಾರಕ್ಕೆರಡು ಸಲವಾದರೂ ಮೂಲದ ತನಕ ಹೋಗಲೇಬೇಕು. ಕಸ ಕಟ್ಟಿರುತ್ತದೆ, ಜೋಡಣೆ ಬಿಟ್ಟಿರುತ್ತದೆ. ಬೈಕು ಹೋಗುವಷ್ಟು ಹೋಗಿ, ಉಳಿದದ್ದು ನಡಿಗೆ. ಗುಡ್ಡದ ತೀರಾ ಒಣ ಜಾಗಕ್ಕೆ ಬಿಸಿ ಬೈಕು ಹೋಗುವುದು ಹೀಗೆ.

ಸುಡುವುದು ಹುಲ್ಲು ಮಾತ್ರ ಅಲ್ಲ

'ಗುಡ್ಡಕ್ಕೆ ಬೆಂಕಿ ಬಿದ್ರೆ ಹುಲ್ಲು ಹೋಯ್ತು, ಮಳೆ ಬಂದ್ರೆ ಪುನಃ ಬರ್ತದೆ' ಎಂಬ ಮಾತು ಹಳೆಯದು. ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ.

ಕಪ್ಪು ಪೈಪು ಎಚ್‌ಡಿಪಿಇ ಪ್ಲಾಸ್ಟಿಕ್. ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಅದು ಕರಗುತ್ತದೆ. ಹುಲ್ಲಿನ ಬೆಂಕಿ ಒಮ್ಮೆ ಹಾದುಹೋದರೂ ಸಾಕು. ಅದೂ ಮಾರ್ಚ್‌ನಲ್ಲಿ, ತೋಟಕ್ಕೆ ನೀರು ಬೇಕೇಬೇಕಾದ ಹೊತ್ತಿಗೆ. ತೋಟದ ಅಂಚಿಗೆ ಬೆಂಕಿಯ ಬಿಸಿ ತಾಗಿದರೆ ಅಡಿಕೆಯ ಸೋಗೆ ಕೆಂಪಾಗುತ್ತದೆ, ಕಾಳುಮೆಣಸಿನ ಬಳ್ಳಿ ಸುಡುತ್ತದೆ. ಸೊಪ್ಪು, ತರಗೆಲೆ ಆ ವರ್ಷಕ್ಕೆ ಇಲ್ಲ. ಬುಡದ ಹೊದಿಕೆ ಸುಟ್ಟ ಇಳಿಜಾರಿನಲ್ಲಿ ಮೊದಲ ಜೋರು ಮಳೆಗೆ ಮೇಲ್ಮಣ್ಣು ಬೂದಿಯೊಂದಿಗೆ ಕೆಳಗೆ ಬರುತ್ತದೆ. ಇಂಗಬೇಕಾದ ನೀರು ಹರಿದು ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕಮ್ಯುನಿಸ್ಟ್ ಗಿಡ, ಲಂಟಾನ ನುಗ್ಗುತ್ತವೆ. ಇವು ಒಣಗಿ ಮುಂದಿನ ವರ್ಷದ ಬೆಂಕಿಗೆ ಸೌದೆಯಾಗುತ್ತವೆ.

ಜೀವಹಾನಿಯ ಉದಾಹರಣೆಗಳೂ ದೂರದವಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಸಮೀಪದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಒಣಹುಲ್ಲಿನ ಇಳಿಜಾರಿನಲ್ಲಿ ಸಿಕ್ಕಿಕೊಂಡ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸುಟ್ಟದ್ದು 4,000 ಹೆಕ್ಟೇರಿಗೂ ಹೆಚ್ಚು. ಅದನ್ನು ಆರಿಸಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು.

ಬೈಕಿನಿಂದ ಬೆಂಕಿ ಹೇಗೆ?

ನಮ್ಮ ಕಡೆಯ ಬೆಂಕಿಗಳಲ್ಲಿ ಹೆಚ್ಚಿನವು ಮನುಷ್ಯ ಹಚ್ಚಿದವು. ಚಿಗುರು ಹುಲ್ಲಿಗೆ, ಬೇಟೆಗೆ, ಜೇನಿಗೆ, ಸುಮ್ಮನೆ ಬಿಸಾಡಿದ ಬೀಡಿಗೆ. ಬೈಕನ್ನೇ ದೊಡ್ಡ ಅಪರಾಧಿ ಮಾಡುವಂತಿಲ್ಲ. ಆದರೆ ಇದು ನಮ್ಮ ಕೈಯಲ್ಲೇ ಇರುವ ಕಾರಣ. ಊರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಅಂಗಳದಲ್ಲೇ ಸರಿಪಡಿಸಬಹುದು.

ಒಂದು, ಸೈಲೆನ್ಸರಿನ ಬಿಸಿ. ಫಸ್ಟ್ ಗೇರಿನಲ್ಲಿ ಲೋಡು ಹಾಕಿಕೊಂಡು ಏರಿ ಬಂದ ಬೈಕಿನ ಸೈಲೆನ್ಸರ್ ಎಷ್ಟು ಕಾದಿರುತ್ತದೆಂದು ಕಾಲು ಸುಟ್ಟುಕೊಂಡವರಿಗೆ ಗೊತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಲ್ಲಿದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗ ಹೊಸ ಬೈಕುಗಳ ಸೈಲೆನ್ಸರ್ ದಾರಿಯಲ್ಲಿರುತ್ತದೆ. ಕೆಲಸ ಮಾಡುವಾಗ ಅದರ ಒಳಗಿನ ಬಿಸಿ 300 ಡಿಗ್ರಿ ಮೀರುತ್ತದೆ. ಹಲವು ಬೈಕುಗಳಲ್ಲಿ ಇದು ಎಂಜಿನ್ನಿನ ಅಡಿಯಲ್ಲೇ, ನೆಲಕ್ಕೆ ಹತ್ತಿರ. ಮೊಣಕಾಲೆತ್ತರದ ಮುಳಿಹುಲ್ಲಿನಲ್ಲಿ ಅಂಥ ಬೈಕು ನಿಲ್ಲಿಸುವುದೆಂದರೆ ಒಣ ತೆಂಗಿನ ಮಡಲಿನ ಕೆಳಗೆ ಕೆಂಡ ಇಟ್ಟ ಹಾಗೆ.

ಎರಡು, ಸಿಕ್ಕಿಕೊಂಡ ಕಸ. ಹುಲ್ಲಿನ ನಡುವೆ ಬಂದಾಗ ಒಣಹುಲ್ಲು, ತರಗೆಲೆ ಸೈಲೆನ್ಸರ್ ಮತ್ತು ಎಂಜಿನ್ನಿನ ಸಂದಿಯಲ್ಲಿ ಸೇರುತ್ತದೆ. ಓಡುವಾಗ ಸುಮ್ಮನೆ ಕಮರುತ್ತಾ ಇರುತ್ತದೆ. ಎಲ್ಲೋ ಕಳಚಿ ಬಿದ್ದರೆ ಅಲ್ಲಿ ಬೆಂಕಿ. ನಾವು ಅಷ್ಟರಲ್ಲಿ ಮುಂದೆ ಹೋಗಿರುತ್ತೇವೆ.

ಮೂರು, ಕಿಡಿ. ಹಳೆಯ ಟೂ-ಸ್ಟ್ರೋಕ್ ಗಾಡಿಗಳ ಸೈಲೆನ್ಸರಿನಲ್ಲಿ ಎಣ್ಣೆ ಮಸಿ ಕಟ್ಟುತ್ತದೆ. ಏರಿನಲ್ಲಿ ಎಳೆದಾಗ ಅದು ಕೆಂಡದ ಚೂರಾಗಿ ಹಾರಬಹುದು. ಸದ್ದು ಬರಲೆಂದು ಸೈಲೆನ್ಸರಿನ ಒಳಗಿನ ತಡೆ ತೆಗೆಸಿದ ಬೈಕುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ನಾಲ್ಕು, ಪೆಟ್ರೋಲು. ಹುಲ್ಲು ಕೊಚ್ಚುವ ಯಂತ್ರಕ್ಕೆಂದು ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಸೀಟಿನ ಬದಿಗೆ ಸಿಕ್ಕಿಸಿಕೊಂಡು ಹೋಗುತ್ತೇವೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಬಿಸಿ ಎಂಜಿನ್ನಿನ ಪಕ್ಕ ಬಾಟಲಿ ಸೋರಿದರೆ ಮತ್ತೆ ಹೇಳಬೇಕಾಗಿಲ್ಲ.

ಬೇರೆ ದೇಶದವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ನೋಡಿ. ಕಾಳ್ಗಿಚ್ಚಿನ ಕಾಟ ವಿಪರೀತವಿರುವ ಅಮೆರಿಕದಲ್ಲಿ ರಾಷ್ಟ್ರೀಯ ಅರಣ್ಯಗಳ ಮಣ್ಣುದಾರಿಗೆ ಬೈಕು ಇಳಿಸಬೇಕಾದರೆ ಸೈಲೆನ್ಸರಿನಲ್ಲಿ ಕಿಡಿ ತಡೆಯುವ ಜಾಲರಿ ಕಡ್ಡಾಯ. ಸುಮಾರು 0.6 ಮಿಲಿಮೀಟರಿಗಿಂತ ದೊಡ್ಡ ಮಸಿಚೂರು ಹೊರಬಾರದಂತೆ ಅದು ತಡೆಯಬೇಕು. ಅಲ್ಲಿನ ಕ್ಯಾಲಿಫೋರ್ನಿಯಾದ ರೆಡ್ಡಿಂಗ್ ಸಮೀಪ 2018ರ ಜುಲೈಯಲ್ಲಿ ಒಂದು ಟ್ರೈಲರಿನ ಟಯರು ಪಂಕ್ಚರಾಗಿ, ಚಕ್ರದ ಕಬ್ಬಿಣದ ರಿಮ್ಮು ರಸ್ತೆಗೆ ಉಜ್ಜಿತು. ಆ ಕಿಡಿಯಿಂದ ಹೊತ್ತಿದ ಬೆಂಕಿ ಸುಮಾರು 2.29 ಲಕ್ಷ ಎಕರೆ ಸುಟ್ಟಿತು. ಒಣಗಿದ ನೆಲಕ್ಕೆ ಕಿಡಿ ಸಣ್ಣದು, ದೊಡ್ಡದು ಅಂತ ಇಲ್ಲ.

ಪಥ್ಯ ಏನು?

* ಗುಡ್ಡದಲ್ಲಿ ಬೈಕು ನಿಲ್ಲಿಸಲು ಎರಡೋ ಮೂರೋ ಕಡೆ ಜಾಗ ಗೊತ್ತು ಮಾಡಿ. ಬರೀ ಮಣ್ಣು ಅಥವಾ ಪಾರೆಕಲ್ಲು. ಸುತ್ತ ಎರಡು ಮೀಟರ್ ಹುಲ್ಲು ಕೆತ್ತಿಬಿಡಿ. ಮನೆಯವರು, ಕೆಲಸದವರು ಎಲ್ಲರೂ ಅಲ್ಲೇ ನಿಲ್ಲಿಸಲಿ.
* ಏರು ಹತ್ತಿ ನಿಂತ ಕೂಡಲೇ ಎಂಜಿನ್ನಿನ ಅಡಿಗೆ ಬಗ್ಗಿ ನೋಡಿ. ಸಿಕ್ಕಿದ ಹುಲ್ಲನ್ನು ಕೋಲಿನಿಂದ ಎಳೆದು ಕಾಲಲ್ಲಿ ತುಳಿಯಿರಿ. ಕೈ ಹಾಕಬೇಡಿ.
* ಜನವರಿಯಲ್ಲಿ ಒಮ್ಮೆ ಗ್ಯಾರೇಜಿಗೆ ಕೊಟ್ಟು ಸೈಲೆನ್ಸರ್, ಪೆಟ್ರೋಲ್ ಟ್ಯೂಬು, ಬ್ಯಾಟರಿ ವಯರು ನೋಡಿಸಿ. ಬಿರುಕು ಬಿಟ್ಟ ಟ್ಯೂಬು, ಇಲಿ ಕಡಿದ ವಯರು ಇದ್ದರೆ ಬದಲಿಸಿ. ಹಳೆ ಟೂ-ಸ್ಟ್ರೋಕ್ ಆದರೆ ಮಸಿ ತೆಗೆಸಿ.
* ಪೆಟ್ರೋಲನ್ನು ಬಿಗಿ ಮುಚ್ಚಳದ, ಅದಕ್ಕೆಂದೇ ಇರುವ ಕ್ಯಾನಿನಲ್ಲಿ ಒಯ್ಯಿರಿ. ಯಂತ್ರಕ್ಕೆ ತುಂಬುವಾಗ ಎಂಜಿನ್ ತಣಿಯಲಿ. ತುಂಬಿದ ಜಾಗದಲ್ಲೇ ಸ್ಟಾರ್ಟ್ ಮಾಡಬೇಡಿ, ನಾಲ್ಕು ಹೆಜ್ಜೆ ಆಚೆ ಹೋಗಿ.
* ಕಬ್ಬಿಣದ ಬ್ಲೇಡು ಕಲ್ಲಿಗೆ ತಾಗಿದರೆ ಕಿಡಿ ಏಳುತ್ತದೆ. ಒಣಹುಲ್ಲು ಕೊಚ್ಚುವ ಕೆಲಸ ಇಬ್ಬನಿ ಆರುವ ಮೊದಲೇ ಮುಗಿಯಲಿ. ಮಟಮಟ ಮಧ್ಯಾಹ್ನ ಬೇಡ.
* ಸವಾರಿಯಲ್ಲಿ ಬೀಡಿ, ಸಿಗರೇಟು ಬೇಡವೇ ಬೇಡ.

ದಾರಿಯೇ ಬೆಂಕಿ ಗೆರೆ

ಅರಣ್ಯ ಇಲಾಖೆ ಬೇಸಿಗೆಗೆ ಮೊದಲು 'ಬೆಂಕಿ ರೇಖೆ' ಮಾಡುತ್ತದೆ. ಹುಲ್ಲು, ಎಲೆ ಇಲ್ಲದ ಉದ್ದದ ಪಟ್ಟಿ. ನೆಲದಲ್ಲಿ ಹರಿದುಬರುವ ಬೆಂಕಿಗೆ ಅಲ್ಲಿ ತಿನ್ನಲು ಏನೂ ಸಿಗದೆ ನಿಲ್ಲುತ್ತದೆ. ನಮ್ಮ ಮಣ್ಣುದಾರಿಯೂ ಅರ್ಧ ಬೆಂಕಿ ರೇಖೆಯೇ. ತೊಂದರೆ ಏನೆಂದರೆ ಫೆಬ್ರವರಿಗೆ ಅದರ ಮೇಲೆ ಒಂದು ಗೇಣು ತರಗೆಲೆ ಬಿದ್ದಿರುತ್ತದೆ. ಆಗ ಅದೇ ದಾರಿ ಬೆಂಕಿಗೆ ಸೇತುವೆಯಾಗುತ್ತದೆ.

ದಾರಿ ಮತ್ತು ಅದರ ಎರಡೂ ಬದಿಯ ಎರಡೆರಡು ಮೀಟರ್ ಗುಡಿಸಿ ತರಗೆಲೆ ಒಟ್ಟು ಮಾಡಿ. ಸುಡುವುದು ಬೇಡ, ಹೊತ್ತು ತಂದು ಹಟ್ಟಿಗೆ ಹಾಕಿ, ಅಡಿಕೆ ಬುಡಕ್ಕೆ ಹೊದೆಸಿ. ಬೆಂಕಿಯ ಸೌದೆ ಗೊಬ್ಬರವಾಯಿತು. ಬೈಕು ಜಾರುವುದು ನಿಂತಿತು. ಒಣಎಲೆಯ ಅಡಿಯಲ್ಲಿ ಅಡಗಿದ ಕಲ್ಲು, ಹೊಂಡ ಕಣ್ಣಿಗೆ ಬಿತ್ತು. ನಾಲ್ಕು ಮನೆಯವರು ಸೇರಿದರೆ ಒಂದು ಕಿಲೋಮೀಟರ್ ದೊಡ್ಡ ಕೆಲಸವಲ್ಲ. ಎಲೆ ಬೀಳುವುದು ನಿಲ್ಲುವ ತನಕ ಎರಡು ಸಲವಾದರೂ ಮಾಡಬೇಕು. ಕುಮ್ಕಿ, ಸೊಪ್ಪಿನಬೆಟ್ಟದಲ್ಲಿ ಇದು ನಮ್ಮದೇ ಕೆಲಸ. ದಾರಿ ರಕ್ಷಿತಾರಣ್ಯದೊಳಗೆ ಹೋಗುವುದಾದರೆ ಮಾತ್ರ ಫಾರೆಸ್ಟ್ ಗಾರ್ಡಿಗೆ ಹೇಳಿಯೇ ಶುರು ಮಾಡಿ. ಅವರಿಗೂ ಸಹಾಯವೇ.

ಪೈಪು ದಾರಿಗೂ ಹೀಗೇ ಒಂದು ಮೀಟರ್ ಅಗಲ ಕೆತ್ತಿ. ಸಾಧ್ಯವಿದ್ದಲ್ಲಿ ಒಂದು ಗೇಣು ಮಣ್ಣಿನಡಿ ಹೂಳಿದರೆ ಇನ್ನೂ ಒಳ್ಳೆಯದು.

ಬೋರ್ಡೋ ಪಂಪಿಗೆ ಬೇಸಿಗೆ ಕೆಲಸ

ಅಡಿಕೆಗೆ ಮದ್ದು ಬಿಡುವ ಪಂಪು, ಡ್ರಮ್ಮು, ಉದ್ದದ ಹೋಸು ಮಳೆಗಾಲ ಮುಗಿದ ಮೇಲೆ ಮೂಲೆ ಸೇರುತ್ತವೆ. ಜನವರಿಯಲ್ಲಿ ಅವನ್ನು ತೊಳೆದು, ವಾಷರ್ ನೋಡಿ, ಡ್ರಮ್ಮಿಗೆ ನೀರು ತುಂಬಿ ಗುಡ್ಡದ ಬದಿಗೆ ಇಟ್ಟರೆ ತೋಟದ ಅಂಚಿಗೆ ಅದೇ ಅಗ್ನಿಶಾಮಕ ದಳ. ಬೈಕಿನ ಕ್ಯಾರಿಯರಿಗೆ ಬೆನ್ನಿಗೆ ಹಾಕುವ 16 ಲೀಟರ್ ಸ್ಪ್ರೇಯರ್ ಸಾಕು. ದೊಡ್ಡ ಬೆಂಕಿಗೆ ಅದು ಏನೇನೂ ಅಲ್ಲ. ಆದರೆ ಈಗಷ್ಟೇ ಹೊತ್ತಿದ ಬೆಂಕಿಗೆ, ಆರಿಸಿದ ಮೇಲೆ ಹೊಗೆಯಾಡುವ ಕುತ್ತಿಗಳಿಗೆ ಚೆನ್ನಾಗಿ ಆಗುತ್ತದೆ. ಕಳೆನಾಶಕ ಬಿಟ್ಟ ಸ್ಪ್ರೇಯರ್ ಆದರೆ ಮೊದಲೇ ಚೆನ್ನಾಗಿ ತೊಳೆದಿಡಿ.

ಹೊಗೆ ಕಂಡಾಗ

ಮೊದಲು ಫೋನು, ಆಮೇಲೆ ಕಿಕ್ಕರ್. ಗುಡ್ಡದಲ್ಲಿ ಎಲ್ಲಿ ನೆಟ್‌ವರ್ಕ್ ಸಿಗುತ್ತದೆ, ಎಲ್ಲಿ ಇಲ್ಲ ಎಂದು ನಮಗೇ ಗೊತ್ತು. ಹೊರಡುವ ಮೊದಲೇ ಗಾರ್ಡಿಗೆ, ನೆರೆಮನೆಯವರಿಗೆ ತಿಳಿಸಿ. ತುರ್ತಿಗೆ 112 ಇದೆ. ಭಾರತೀಯ ಅರಣ್ಯ ಸರ್ವೇಕ್ಷಣೆ ಸಂಸ್ಥೆ ಉಪಗ್ರಹದಿಂದ ಬೆಂಕಿ ಗುರುತಿಸಿ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಹೆಸರು ನೋಂದಾಯಿಸಿದ ಸಾರ್ವಜನಿಕರಿಗೂ ಅದು ಸಿಗುತ್ತದೆ. ಆದರೆ ಉಪಗ್ರಹ ನಮ್ಮ ತಲೆಯ ಮೇಲೆ ಬರಲು ಅದರದ್ದೇ ಹೊತ್ತು ಬೇಕು, ಸಣ್ಣ ಬೆಂಕಿ ತಪ್ಪಿಯೂ ಹೋಗಬಹುದು. ಪಕ್ಕದ ಮನೆಯವರ ಕಣ್ಣು ಅದಕ್ಕಿಂತ ಬೇಗ.

ಹತ್ತಿಬಟ್ಟೆ ಹಾಕಿ. ನೈಲಾನ್ ಜಾಕೆಟ್, ರಬ್ಬರ್ ಚಪ್ಪಲಿ ಮೈಗೆ ಅಂಟಿ ಕರಗುತ್ತವೆ. ಕತ್ತಿ, ಕುಡಿಯುವ ನೀರು, ಒದ್ದೆ ಬೈರಾಸು ಇರಲಿ. ಒಬ್ಬರೇ ಹೋಗಬೇಡಿ.

ಒಂದು ವಿಷಯ ಮನೆಮಂದಿಗೆಲ್ಲ ಗೊತ್ತಿರಬೇಕು. ಬೆಂಕಿ ಏರಿನಲ್ಲಿ ಓಡುತ್ತದೆ, ಇಳಿಜಾರಿನಲ್ಲಿ ತೆವಳುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆ ಮೇಲ್ಮುಖ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಆಸ್ಟ್ರೇಲಿಯದ ಬೆಂಕಿ ಆರಿಸುವವರ ಲೆಕ್ಕ. ಹಗಲು ಹೊತ್ತು ಗಾಳಿಯೂ ಕಣಿವೆಯಿಂದ ಮೇಲಕ್ಕೇ ಬೀಸುತ್ತದೆ. ಹಾಗಾಗಿ ಕೆಳಗೆ ಬೆಂಕಿ ಇರುವಾಗ 'ಬೈಕ್ ಉಂಟಲ್ಲ, ದಾಟಿ ಹೋಗ್ತೇನೆ' ಎಂದು ಮೇಲಿನ ದಾರಿ ಹಿಡಿಯಬಾರದು. ತಿರುವಿನಲ್ಲಿ ಬಿದ್ದರೆ ಎದ್ದು ನಿಲ್ಲುವಷ್ಟು ಸಮಯ ಸಿಗದು. ಅಡ್ಡಕ್ಕೆ ಅಥವಾ ಆಗಲೇ ಸುಟ್ಟು ಕಪ್ಪಾದ ಜಾಗದ ಕಡೆಗೆ ಹೋಗಬೇಕು. ಬೈಕನ್ನು ಬೆಂಕಿಯಿಂದ ದೂರ, ಬೋಳು ನೆಲದಲ್ಲಿ, ಮನೆಯ ಕಡೆ ಮುಖ ಮಾಡಿ ನಿಲ್ಲಿಸಿ. ಕೀ ಅದರಲ್ಲೇ ಇರಲಿ, ಯಾರು ಬೇಕಾದರೂ ತೆಗೆಯುವಂತಿರಲಿ. ಜ್ವಾಲೆ ಆಳೆತ್ತರ ಮೀರಿದರೆ ಅದು ಸೊಪ್ಪಿನಲ್ಲಿ ಬಡಿದು ಆರಿಸುವ ಬೆಂಕಿ ಅಲ್ಲ. ಹಿಂದೆ ಬನ್ನಿ. ಬೈಕನ್ನು ಬಿಟ್ಟು ಬರಬೇಕಾದರೆ ಬಿಟ್ಟು ಬನ್ನಿ.

ಮೋಜಿಗೆ ಬರುವ ಬೈಕುಗಳು

ವಾರದ ಕೊನೆಗೆ ಪೇಟೆಯಿಂದ ಹತ್ತಿಪ್ಪತ್ತು ಬೈಕುಗಳ ಗುಂಪು ಗುಡ್ಡ ಹತ್ತುವುದು ಈಗ ಹೊಸದಲ್ಲ. ಎಲ್ಲರೂ ಕೆಟ್ಟವರಲ್ಲ. ಗುಡ್ಡದ ಮನೆಯಲ್ಲಿ ಚಾ ಕುಡಿದು, ಕಸ ಚೀಲಕ್ಕೆ ಹಾಕಿ ಹೋಗುವವರೂ ಇದ್ದಾರೆ. ಆದರೆ ದಾರಿ ಬಿಟ್ಟು ಹುಲ್ಲಿನ ಇಳಿಜಾರಿಗೆ ನೇರ ನುಗ್ಗಿಸಿದರೆ ಬೆಂಕಿಯ ಅಪಾಯದ ಜೊತೆಗೆ ಇನ್ನೊಂದು ನಷ್ಟ: ಚಕ್ರ ಕೊರೆದ ಗೆರೆ ಮಳೆಗಾಲದಲ್ಲಿ ಚರಂಡಿಯಾಗುತ್ತದೆ, ಆ ಮಣ್ಣು ನಮ್ಮ ತೋಡಿಗೆ ಬರುತ್ತದೆ.

ಅರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾನೂನಿನಂತೆ ಅಪರಾಧ. ಆದರೆ ಜಗಳದಿಂದ ಕೆಲಸ ಆಗುವುದು ಕಡಿಮೆ. ದಾರಿಯ ಬಾಯಲ್ಲಿ ಒಂದು ಹಲಗೆ ಸಾಕು: 'ಅಣ್ಣಂದಿರೇ, ದಾರಿ ಬಿಟ್ಟು ಹೋಗಬೇಡಿ, ಹುಲ್ಲಿನ ಮೇಲೆ ಬೈಕು ನಿಲ್ಲಿಸಬೇಡಿ. ಈ ಗುಡ್ಡದ ಕೆಳಗೆ ನಮ್ಮ ಮನೆ, ನೀರು ಇದೆ.' ಓದಿದ ಹತ್ತರಲ್ಲಿ ಐದು ಮಂದಿ ಕೇಳಿದರೂ ಲಾಭವೇ.

ಮಳೆ ಹನಿ ಬಿದ್ದ ಮೇಲೆ ಪಥ್ಯ ಬಿಡಬಹುದು. ಆಮೇಲೆ ಕೆಸರಿನ ಕಾಟ ಬೇರೆ ಇದ್ದೇ ಇದೆ! ನಿಮ್ಮ ಗುಡ್ಡದಲ್ಲಿ ಬೆಂಕಿ ತಡೆಗೆ ಏನು ಉಪಾಯ ಮಾಡಿದ್ದೀರಿ? ಪೈಪು ಉಳಿಸಿಕೊಳ್ಳಲು, ದಾರಿ ಸ್ವಚ್ಛ ಇಡಲು ನಿಮ್ಮೂರಿನ ಕ್ರಮ ಏನು? ನಾಲ್ಕು ಸಾಲು ಬರೆದು ಕಳಿಸಿ. ಇನ್ನೊಂದು ಊರಿನ ಗುಡ್ಡ ಉಳಿಯಲು ಅಷ್ಟೇ ಸಾಕಾಗಬಹುದು.