ಬೀಜದ ಮೇಲೆ ಬಿದ್ದ ತಪ್ಪು

ಹನೂರು, ಕೊಳ್ಳೇಗಾಲದ ಮಳೆಯಾಶ್ರಿತ ಹೊಲದಲ್ಲಿ ಮುಸುಕಿನ ಜೋಳ ಮುರಿದ ಬೆನ್ನಿಗೇ ಬಿತ್ತಿದ ಹುರುಳಿ ಚೆನ್ನಾಗಿ ಹುಟ್ಟಿ, ಎರಡು ಮೂರು ವಾರದೊಳಗೆ ಹಳದಿ ತಿರುಗಿ ಸೊರಗಿದರೆ, ದೂರು ಹೋಗುವುದು ಬೀಜದ ಮೇಲೆ, ಇಲ್ಲವೇ ಮಳೆಯ ಮೇಲೆ. ಜೋಳಕ್ಕೆ ಹೊಡೆದಿದ್ದ ಅಟ್ರಜಿನ್ ಕಳೆನಾಶಕದ ಮೇಲೂ ಅನುಮಾನ ಪಡಬೇಕು ಎಂಬುದು ನನ್ನ ವಾದ. ಅಟ್ರಜಿನ್ ಬೀಜ ಮೊಳೆಯುವುದನ್ನು ತಡೆಯುವುದಿಲ್ಲ. ಬೇರಿನಿಂದ ಮೇಲೇರಿ, ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವ ಕೆಲಸವನ್ನು ನಿಲ್ಲಿಸುತ್ತದೆ. ಬೀಜದೊಳಗೆ ಕೂಡಿಟ್ಟ ಆಹಾರ ಇರುವಷ್ಟು ದಿನ ಸಸಿ ಹಸಿರಾಗಿಯೇ ಕಾಣುತ್ತದೆ. ಅದು ತೀರಿದ ಮೇಲೆ ಹಳೆಯ ಎಲೆಗಳ ಅಂಚು ಹಳದಿಯಾಗಿ ಒಣಗುತ್ತದೆ. ಜೋಳದ ಗಿಡಕ್ಕೆ ಈ ವಿಷವನ್ನು ತನ್ನೊಳಗೇ ಮುರಿಯುವ ಶಕ್ತಿಯಿದೆ, ದ್ವಿದಳ ಗಿಡಗಳಿಗೆ ಅಷ್ಟಿಲ್ಲ. ಮಣ್ಣಿನಲ್ಲಿ ಅದನ್ನು ಕರಗಿಸುವುದು ಬಹುಮಟ್ಟಿಗೆ ಸೂಕ್ಷ್ಮಜೀವಿಗಳು, ಅವಕ್ಕೆ ತೇವ ಬೇಕು. ಮಳೆ ಕೈಕೊಟ್ಟ ವರ್ಷವೇ ಶೇಷ ಹೆಚ್ಚು ದಿನ ಉಳಿಯುತ್ತದೆ ಎಂದಾಯಿತು. ಪದೇ ಪದೇ ಬರ ಕಾಣುವ ಹನೂರಿಗೆ ಇದು ಸಣ್ಣ ಮಾತಲ್ಲ.

ಮನೆಯಲ್ಲೇ ಬಿತ್ತನೆಗೆ ಎತ್ತಿಡುವ ಬೀಜದ ಕಥೆ ಬೇರೆ. ಯಳಂದೂರು, ಕೊಳ್ಳೇಗಾಲದ ನೀರಾವರಿ ಗದ್ದೆಗಳಲ್ಲಿ ಬದುವಿಗೆ ಹೊಡೆದ ಗ್ಲೈಫೋಸೇಟ್ ಕಳೆನಾಶಕ ಗಾಳಿಗೆ ತೂರಿ ಹಾಲುಗಾಳಿನ ಭತ್ತದ ಮೇಲೆ ಬಿದ್ದರೆ, ಅದು ಸಕ್ಕರೆಯ ಜೊತೆಗೇ ತುಂಬುತ್ತಿರುವ ಕಾಳಿನತ್ತ ಹರಿಯುತ್ತದೆ. ಕಾಳು ಬಲಿಯುವ ಮೊದಲೇ ಈ ಔಷಧಿ ಸೋಂಕಿದ ಬೀಜದಲ್ಲಿ ಮೊಳಕೆಯೂ ಬೇರಿನ ಬೆಳವಣಿಗೆಯೂ ಕುಗ್ಗುವುದನ್ನು ಗೋಧಿಯಂಥ ಬೆಳೆಗಳ ಪ್ರಯೋಗಗಳು ತೋರಿಸಿವೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಬಳಕೆಗೆ ನಿರ್ಬಂಧ ಹೇರಿದ್ದು ಮನುಷ್ಯರ, ಪ್ರಾಣಿಗಳ ಆರೋಗ್ಯದ ಕಾರಣಕ್ಕೆ. ಬಿತ್ತನೆ ಬೀಜದ ಚಿಂತೆ ರೈತರ ಪಾಲಿಗೇ ಉಳಿದಿದೆ. ಪ್ರಮಾಣಿತ ಭತ್ತದ ಬೀಜದಲ್ಲಿ ಕನಿಷ್ಠ ಶೇ. 80, ರಾಗಿಯಲ್ಲಿ ಶೇ. 75 ಮೊಳಕೆ ಇರಬೇಕು. ಪ್ರಯೋಗಾಲಯ ಈ ಲೆಕ್ಕಕ್ಕೆ ಹಿಡಿಯುವುದು ಬೇರು, ಕುಡಿ ಎರಡೂ ನೆಟ್ಟಗಿರುವ ಸಸಿಗಳನ್ನು ಮಾತ್ರ. ಮನೆಯಲ್ಲಿ ಒದ್ದೆ ಗೋಣಿಯಲ್ಲಿ ನೂರು ಕಾಳು ಸುತ್ತಿಟ್ಟು, ಮೊಳಕೆ ಇಣುಕಿದ್ದನ್ನೆಲ್ಲ ಎಣಿಸಿದರೆ ಮೊಂಡು ಬೇರಿನವೂ ಪಾಸಾಗುತ್ತವೆ.

ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ ಎನ್ನುವವರ ಮಾತು ನಿಜ. ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಹೊಡೆದರೆ ತೊಂದರೆ ಕಡಿಮೆ ಎಂಬುದೂ ನಿಜ. ಆದರೆ ಬೆನ್ನಿನ ಪಂಪಿನಲ್ಲಿ ಹೊಡೆಯುವಾಗ ಹೊಲದ ಅಂಚಿನಲ್ಲಿ, ತಿರುಗುವ ಜಾಗದಲ್ಲಿ ಔಷಧಿ ಎರಡು ಪಟ್ಟು ಬೀಳುವುದು ಸಾಮಾನ್ಯ. ಕಳೆನಾಶಕ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಜೋಳದ ನಡುವೆ ಅವರೆ, ತೊಗರಿ ಸಾಲು ಹಾಕುವವರು ಅಟ್ರಜಿನ್ ಮುಟ್ಟಬಾರದು. ಜೋಳದ ನಂತರ ಹುರುಳಿ ಬಿತ್ತುವವರು ಆ ಹೊಲದ ಮಣ್ಣನ್ನೂ ಔಷಧಿ ಕಾಣದ ಮಣ್ಣನ್ನೂ ಎರಡು ಕುಂಡಗಳಲ್ಲಿ ತುಂಬಿ, ಒಂದೇ ಬೀಜ ಹಾಕಿ, ಮೊಳೆಯಿತೆಂದು ಅಲ್ಲಿಗೇ ಬಿಡದೆ ಮೂರು ವಾರ ನೋಡಲಿ. ಜೋಳ ಇನ್ನೂ ಹೊಲದಲ್ಲಿರುವಾಗಲೇ ಕುಂಡ ಇಟ್ಟರೆ ಬಿತ್ತನೆ ತಡವಾಗುವುದಿಲ್ಲ.