ಕಟ್ಟಡಕ್ಕೆ ಹೂಂ, ಮೇಷ್ಟ್ರಿಗೆ ಊಹೂಂ

ಕಾಲೇಜಿಗೂ ಚುನಾವಣೆಗೂ ನಂಟು ಅಂದ ಕೂಡಲೇ ನಮಗೆ ನೆನಪಾಗುವುದು ಎರಡೇ. ಒಂದು, ಓದುವಾಗಿನ ಸ್ಟೂಡೆಂಟ್ ಯೂನಿಯನ್ ಗಲಾಟೆ. ಇನ್ನೊಂದು, ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರ. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಮೂರನೆಯದೊಂದನ್ನು ಕಂಡೆ. ಇಲ್ಲಿ ಊರಿನ ಕಾಲೇಜಿಗೇ ಒಂದು ಕ್ಷೇತ್ರ ಇದೆ. ಅದಕ್ಕೆ ಗಡಿ ಇದೆ, ಮತದಾರರಿದ್ದಾರೆ, ಅವರು ಆರಿಸಿ ಕಳಿಸಿದ ಐದು ಜನರ ಮಂಡಳಿ ಇದೆ. ಕಾಲೇಜಿಗೆ ದುಡ್ಡು ಬೇಕಾದಾಗ ಆ ಮಂಡಳಿ ನೇರವಾಗಿ ಮತದಾರರ ಮುಂದೆ ಬಂದು ನಿಂತು ಕೇಳಬೇಕು: ನಿಮ್ಮ ಮೇಲೆ ಇಷ್ಟು ತೆರಿಗೆ ಹಾಕಬಹುದಾ?

ನಾನಿದ್ದ ಕುಪರ್ಟಿನೋ ಬರುವುದು ಫುಟ್‌ಹಿಲ್-ಡಿ ಆಂಜಾ ಕಮ್ಯುನಿಟಿ ಕಾಲೇಜ್ ಡಿಸ್ಟ್ರಿಕ್ಟ್‌ಗೆ. ಪಾಲೋ ಆಲ್ಟೋ, ಮೌಂಟನ್ ವ್ಯೂ, ಲಾಸ್ ಆಲ್ಟೋಸ್, ಸನಿವೇಲ್ ಎಲ್ಲ ಅದರೊಳಗೇ. ನಮ್ಮ ಕನ್ನಡದವರು ಹಿಂಡು ಹಿಂಡಾಗಿ ಇರುವ ಜಾಗ. ಕುಪರ್ಟಿನೋದಲ್ಲಿರುವ ಡಿ ಆಂಜಾ ಕಾಲೇಜು 1967ರದ್ದು. ಆ್ಯಪಲ್ ಕಟ್ಟಿದ ಸ್ಟೀವ್ ವಾಜ್ನಿಯಾಕ್ ಇಲ್ಲಿ ಓದಿದವರು. ಮೊದಲ ಮ್ಯಾಕಿಂಟಾಷನ್ನು 1984ರಲ್ಲಿ ಸ್ಟೀವ್ ಜಾಬ್ಸ್ ಜನರ ಮುಂದಿಟ್ಟಿದ್ದು ಇದೇ ಕಾಲೇಜಿನ ಫ್ಲಿಂಟ್ ಸೆಂಟರ್‌ನಲ್ಲಿ.

ಇಷ್ಟು ಹೆಸರಿದ್ದರೂ ಇದು ಸ್ಟ್ಯಾನ್‌ಫರ್ಡ್ ಅಲ್ಲ, ಬಡವರ ಬಂಧು. ಇಲ್ಲಿನ ಖಾಯಂ ನಿವಾಸಿಗಳಿಗೆ ಒಂದು ಯೂನಿಟ್‌ಗೆ 31 ಡಾಲರ್ ಫೀಸು. ಎಚ್4 ವೀಸಾದಲ್ಲಿ ಬಂದ ನನ್ನ ಹೆಂಡತಿ ಇಲ್ಲಿ ಒಂದು ವರ್ಷ, ಒಂದು ದಿನ ಕಳೆದ ಮೇಲೆ ಅದೇ ದರದಲ್ಲಿ ಅಕೌಂಟಿಂಗ್ ಕಲಿಯಲು ಸೇರಿದಳು. ಐದು ಯೂನಿಟ್‌ನ ಕ್ಲಾಸು, 155 ಡಾಲರ್, ಮೇಲೊಂದಿಷ್ಟು ಚಿಲ್ಲರೆ. ಕೆಲಸಕ್ಕೆ ಅನುಮತಿ ಇಲ್ಲದೆ ಮನೆಯಲ್ಲಿ ಕೂತ ಎಷ್ಟೋ ಹೆಣ್ಣುಮಕ್ಕಳು ಮತ್ತೆ ಪುಸ್ತಕ ಹಿಡಿದಿದ್ದು ಇಂಥ ಕಾಲೇಜುಗಳಿಂದ. ಹಾಗಾಗಿ ಈ ಚುನಾವಣೆಯ ಮೇಲೆ ನನಗೆ ಕಣ್ಣು ಬಿತ್ತು. ಓಟು ಮಾತ್ರ ನಮ್ಮಿಬ್ಬರಿಗೂ ಇರಲಿಲ್ಲ.

2020ರ ಮಾರ್ಚ್ 3. ಊರೆಲ್ಲ ಬರ್ನಿ ಸ್ಯಾಂಡರ್ಸಾ, ಜೋ ಬೈಡನ್ನಾ ಅಂತ ಮಾತಾಡುತ್ತಿತ್ತು. ಅದೇ ಮತಪತ್ರದ ಕೆಳಗಡೆ, ಯಾರೂ ಟೀವಿಯಲ್ಲಿ ಚರ್ಚೆ ಮಾಡದ ಜಾಗದಲ್ಲಿ ಕಾಲೇಜಿನ ಎರಡು ಪ್ರಶ್ನೆ ಇದ್ದವು: ಮೆಷರ್ ಜಿ ಮತ್ತು ಮೆಷರ್ ಎಚ್.

ಮೆಷರ್ ಜಿ ಒಂದು ಬಾಂಡ್. 89.8 ಕೋಟಿ ಡಾಲರ್ ಸಾಲ ಎತ್ತುತ್ತೇವೆ, ಹಳೆಯ ಕಟ್ಟಡ ರಿಪೇರಿ ಮಾಡಿ ಹೊಸದು ಕಟ್ಟುತ್ತೇವೆ, ಸಾಲವನ್ನು ನಿಮ್ಮ ಆಸ್ತಿ ತೆರಿಗೆಯಿಂದ ತೀರಿಸುತ್ತೇವೆ ಅಂತ. ಆಸ್ತಿಯ ದಾಖಲೆ ಬೆಲೆಯಲ್ಲಿ ಪ್ರತಿ ಲಕ್ಷ ಡಾಲರಿಗೆ ವರ್ಷಕ್ಕೆ 16 ಡಾಲರ್. ಮೆಷರ್ ಎಚ್ ಪಾರ್ಸೆಲ್ ಟ್ಯಾಕ್ಸ್. ಮನೆ ದೊಡ್ಡದೋ ಚಿಕ್ಕದೋ, ಸೈಟೊಂದಕ್ಕೆ ವರ್ಷಕ್ಕೆ 48 ಡಾಲರ್, ಐದು ವರ್ಷ. ಒಳ್ಳೆಯ ಅಧ್ಯಾಪಕರನ್ನು ಉಳಿಸಿಕೊಳ್ಳುವುದು, ವಿದ್ಯಾರ್ಥಿಗಳಿಗೆ ನೆರವು, ಇಂಥ ದಿನನಿತ್ಯದ ಖರ್ಚಿಗೆ ಅದು.

ಒಂದರ ದುಡ್ಡನ್ನು ಇನ್ನೊಂದಕ್ಕೆ ಬಳಸುವ ಹಾಗಿಲ್ಲ. ಬಾಂಡಿನ ಹಣದಲ್ಲಿ ಗೋಡೆ ಕಟ್ಟಬಹುದು, ಸಲಕರಣೆ ಕೊಳ್ಳಬಹುದು, ಆದರೆ ಒಬ್ಬ ಮೇಷ್ಟ್ರಿಗೂ ಸಂಬಳ ಕೊಡುವಂತಿಲ್ಲ. ಕಾನೂನೇ ಹಾಗಿದೆ.

ಇದರ ಬೇರು 1978ರಲ್ಲಿದೆ. ಆ ವರ್ಷ ಕ್ಯಾಲಿಫೋರ್ನಿಯಾದ ಜನ ಪ್ರೊಪೊಸಿಷನ್ 13 ಅಂತ ಒಂದನ್ನು ಗೆಲ್ಲಿಸಿದರು. ಆಸ್ತಿ ತೆರಿಗೆ ಬೆಲೆಯ ಶೇ 1 ಮೀರಬಾರದು. ಮನೆಯ ದಾಖಲೆ ಬೆಲೆ ಅಂದರೆ ನೀವು ಕೊಂಡಾಗಿನ ಬೆಲೆ, ಅದು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಬಾರದು. ಇಂಥ ಕೆಲಸಕ್ಕೇ ಅಂತ ವಿಶೇಷ ತೆರಿಗೆ ಹಾಕಬೇಕೆಂದರೆ ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು. 2000ನೇ ಇಸವಿಯಲ್ಲಿ ಪ್ರೊಪೊಸಿಷನ್ 39 ಬಂದು ಶಾಲಾ ಕಾಲೇಜಿನ ಬಾಂಡುಗಳಿಗೆ ಆ ಗೆರೆಯನ್ನು ಶೇ 55ಕ್ಕೆ ಇಳಿಸಿತು. ಪಾರ್ಸೆಲ್ ಟ್ಯಾಕ್ಸ್‌ನ ಗೆರೆ ಇದ್ದಲ್ಲೇ ಉಳಿಯಿತು. ನಾವು ಕೋಡ್ ಬರೆಯುವವರು ಇದನ್ನು ನೋಡಿದರೆ, ಒಂದೇ ಫಂಕ್ಷನ್ನಿನಲ್ಲಿ ಎರಡು ಬೇರೆ ಬೇರೆ ಮಿತಿ ಯಾಕಪ್ಪಾ ಇಟ್ಟರು ಅಂತ ಬರೆದವನನ್ನು ಹಿಡಿದು ಕೇಳುತ್ತೇವೆ.

ಆಗ ನಮ್ಮ ಬಳಗದ ಇಬ್ಬರ ಹತ್ತಿರ ಮಾತಾಡಿದ್ದೆ. ಒಬ್ಬರು 80ರ ದಶಕದಲ್ಲೇ ಬಂದು ಮನೆ ಕೊಂಡ, ಹಾಸನದ ಕಡೆಯ ಹಿರಿಯರು. ಇನ್ನೊಬ್ಬರು ಮೈಸೂರಿನವರು, ಸಿಟಿಜನ್ ಆಗಿ, ಹೋದ ವರ್ಷವಷ್ಟೇ ಮನೆ ಮಾಡಿದ್ದರು. ಎರಡೂ ಹೆಚ್ಚುಕಮ್ಮಿ ಒಂದೇ ಅಳತೆಯ ಮನೆಗಳು. ಹಿರಿಯರ ಮನೆಯ ದಾಖಲೆ ಬೆಲೆ ಸುಮಾರು 3 ಲಕ್ಷ ಡಾಲರ್. ಮೈಸೂರಿನವರದ್ದು 20 ಲಕ್ಷ. ಅಂದರೆ ಬಾಂಡಿಗೆ ಹಿರಿಯರು ಕೊಡಬೇಕಾದ್ದು ವರ್ಷಕ್ಕೆ 48 ಡಾಲರ್, ಇವರು ಕೊಡಬೇಕಾದ್ದು 320. ಪಾರ್ಸೆಲ್ ಟ್ಯಾಕ್ಸ್ ಆದರೆ ಇಬ್ಬರಿಗೂ 48.

"ಬಾಂಡಿಗೆ ಹಾಕ್ದೆ ಕಣಯ್ಯ," ಅಂದರು ಹಿರಿಯರು. "ಕಟ್ಟಡ ಆದ್ರೆ ಕಣ್ಣಿಗೆ ಕಾಣತ್ತೆ. ಸಂಬಳಕ್ಕೆ ಅಂತ ಕೊಟ್ಟಿದ್ದು ಎಲ್ಲಿ ಕರಗಿಹೋಯ್ತು ಅಂತ ಯಾರು ಹೇಳ್ತಾರೆ?"

"ಅಲ್ಲ ಅಂಕಲ್, ಪಾಠ ಹೇಳೋರೇ ಇಲ್ದಿದ್ರೆ ಕಟ್ಟಡ ಇಟ್ಕೊಂಡು ಏನ್ಮಾಡ್ತಾರೆ?"

"ಅದಕ್ಕೆ ಸ್ಟೇಟ್ ಗವರ್ನಮೆಂಟ್ ಇದ್ಯಲ್ಲ," ಅಂತ ಮುಗಿಸಿಬಿಟ್ಟರು.

ಮೈಸೂರಿನವರದ್ದು ತದ್ವಿರುದ್ಧ. ಬಾಂಡಿಗೆ ಬೇಡ, ಪಾರ್ಸೆಲ್ ಟ್ಯಾಕ್ಸ್‌ಗೆ ಹೂಂ. "ಪಕ್ಕದ ಮನೆಯೋರು 48 ಕೊಟ್ಟು ನಾನು 320 ಕೊಡೋದು ಯಾವ ನ್ಯಾಯ? ಎಚ್ ಆದ್ರೆ ಎಲ್ಲರಿಗೂ ಒಂದೇ." ಅವರ ಮಾತಲ್ಲೂ ಹುರುಳಿದೆ. ಹಾಗಂತ ಹಿರಿಯರು ನಿವೃತ್ತರಾಗಿ ಪೆನ್ಷನ್ನಿನಲ್ಲಿರುವವರು, ಇಂದಿನ ಬೆಲೆಗೆ ತೆರಿಗೆ ಹಾಕಿದರೆ ಮನೆ ಮಾರಿಯೇ ಕಟ್ಟಬೇಕು. ಪ್ರೊಪೊಸಿಷನ್ 13 ಹುಟ್ಟಿದ್ದೇ ಅಂಥ ಭಯದಿಂದ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದ ಸಿಟಿಜನ್‌ಗಳಿಗೂ ಓಟಿತ್ತು, ಅವರ ಕೈಗೆ ಬಿಲ್ ಬರುವುದಿಲ್ಲ. ಸ್ಯಾನ್ ಹೋಸೆಯ ಆ ಕಡೆಯಿಂದ ಬಸ್ಸಿನಲ್ಲಿ ಬಂದು ಕಲಿಯುವ ಹುಡುಗ ಹುಡುಗಿಯರಿಗೆ, ಅವರ ಮನೆ ಗಡಿಯಾಚೆ ಇದ್ದರೆ, ಓಟಿಲ್ಲ. ವಿದೇಶಿ ವಿದ್ಯಾರ್ಥಿಗಳು ಹಲವು ಪಟ್ಟು ಫೀಸು ಕಟ್ಟುತ್ತಾರೆ, ಅವರಿಗೂ ಇಲ್ಲ. ಕಾಲೇಜಿನ ಮಂಡಳಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳು ಇದ್ದಾರೆ ನಿಜ, ಆದರೆ ಅವರದ್ದು ಸಲಹೆಯ ಮತ, ಲೆಕ್ಕಕ್ಕಿಲ್ಲ.

ಆ ಸಲ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಎಲ್ಲ ಮತದಾರರ ಮನೆಗೂ ಅಂಚೆಯಲ್ಲಿ ಮತಪತ್ರ ಬಂದಿತ್ತು. ಎಣಿಕೆ ದಿನಗಟ್ಟಲೆ ನಡೆಯಿತು. ಕೊನೆಗೆ ಬಾಂಡು ಶೇ 55ರ ಗೆರೆ ದಾಟಿತು, ಗೆದ್ದಿತು. ಪಾರ್ಸೆಲ್ ಟ್ಯಾಕ್ಸ್‌ಗೂ ಅರ್ಧಕ್ಕಿಂತ ಹೆಚ್ಚು ಜನ ಹೂಂ ಅಂದಿದ್ದರು. ಆದರೆ ಮೂರರಲ್ಲಿ ಎರಡು ಪಾಲು ಆಗಲಿಲ್ಲ, ಬಿತ್ತು. ಬಾಂಡಿಗೂ ಅಷ್ಟು ಬಂದಿರಲಿಲ್ಲ ಅನ್ನುವುದನ್ನು ಗಮನಿಸಿ. ಮೇಷ್ಟ್ರಿಗೆ ಊಹೂಂ ಅಂದಿದ್ದು ಜನ ಅನ್ನುವುದಕ್ಕಿಂತ ಗೆರೆ ಅನ್ನುವುದೇ ಸರಿ.

ಹಿಂದೆಯೂ ಹೀಗೇ. 1999ರಲ್ಲಿ, ಇನ್ನೂ ಹಳೆಯ ಗೆರೆಯೇ ಇದ್ದಾಗ, 24.8 ಕೋಟಿ ಡಾಲರಿನ ಬಾಂಡು ಗೆದ್ದಿತ್ತು. 2006ರಲ್ಲಿ 49 ಕೋಟಿಯದ್ದು. 2010ರಲ್ಲಿ ವರ್ಷಕ್ಕೆ 69 ಡಾಲರಿನ ಪಾರ್ಸೆಲ್ ಟ್ಯಾಕ್ಸ್ ಕೇಳಿದರು, ಬಹುಮತ ಬಂದೂ ಸೋತಿತು.

2020ರ ಅದೇ ಮತಪತ್ರದಲ್ಲಿ ಇನ್ನೊಂದು ತಮಾಷೆ ಇತ್ತು. ರಾಜ್ಯದ ಶಾಲಾ ಕಟ್ಟಡಗಳಿಗೆ 1500 ಕೋಟಿ ಡಾಲರ್ ಬಾಂಡಿನ ಪ್ರಸ್ತಾಪ. ಕ್ರಮಸಂಖ್ಯೆ ಸುತ್ತಿಬಂದು ಅದಕ್ಕೆ ಬಿದ್ದ ಹೆಸರು ಪ್ರೊಪೊಸಿಷನ್ 13! ತೆರಿಗೆಗೆ ಮಿತಿ ಹಾಕಿದ ಹಳೆಯ 13ಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಜನರಲ್ಲಿ ಗೊಂದಲ. ಅದು ರಾಜ್ಯದಲ್ಲಿ ಸೋತೇಹೋಯಿತು.

ಗೆರೆ ದಾಟದ ಆ 48 ಡಾಲರ್ ಯಾರಿಗೆ ತಟ್ಟುತ್ತದೆ ಅಂದರೆ, ಹೆಂಡತಿಯ ಅಕೌಂಟಿಂಗ್ ಮೇಷ್ಟ್ರ ಥರದವರಿಗೆ. ಅವರು ಪಾರ್ಟ್ ಟೈಮ್. ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ಅಂಥವರೇ ಹೆಚ್ಚು. ಒಂದು ಡಿಸ್ಟ್ರಿಕ್ಟಿನಲ್ಲಿ ಪೂರ್ತಿ ಕೆಲಸದ ಶೇ 67ಕ್ಕಿಂತ ಹೆಚ್ಚು ಪಾಠ ಅವರಿಗೆ ಕೊಡುವಂತಿಲ್ಲ ಅಂತ ರಾಜ್ಯದ ಕಾನೂನು. ಹೊಟ್ಟೆ ತುಂಬಬೇಕಲ್ಲ, ಬೆಳಗ್ಗೆ ಒಂದು ಕಾಲೇಜು, ಸಂಜೆ ಇನ್ನೊಂದು. ಫ್ರೀವೇ ಫ್ಲೈಯರ್ಸ್ ಅಂತ ಅಡ್ಡಹೆಸರೇ ಇದೆ. ಅವರಿಗೊಂದು ಸ್ವಂತ ಕೋಣೆ ಇರಲಿಲ್ಲವಂತೆ. ಅನುಮಾನ ಕೇಳಬೇಕಾದರೆ ಕ್ಲಾಸು ಮುಗಿದ ಮೇಲೆ ಪಾರ್ಕಿಂಗ್ ಲಾಟಿನವರೆಗೂ ಅವರ ಜೊತೆ ನಡೆದುಕೊಂಡೇ ಕೇಳುತ್ತಿದ್ದಳು.

ಆಮೇಲೊಂದು ವರ್ಷ ಮೈಸೂರಿನ ಗೆಳೆಯರು ಮನೆಯ ತೆರಿಗೆ ಬಿಲ್ ತಂದು ತೋರಿಸಿದರು. ಅದರಲ್ಲಿ ಕಾಲೇಜಿನ ಬಾಂಡಿಗೇ ಒಂದು ಬೇರೆ ಸಾಲು. "ನೋಡ್ರೀ," ಅಂದರು, "ಬೇಡ ಅಂದಿದ್ದಕ್ಕೆ ಕಟ್ತಾ ಇದೀನಿ. ಕೊಡ್ತೀನಿ ಅಂದಿದ್ದನ್ನ ತಗೊಳ್ಲೇ ಇಲ್ಲ."