ಬೆರಳು ಎಳೆದರೆ ಸರಿಯಬೇಕಾದ್ದು ಪುಟವೋ, ನಕ್ಷೆಯೋ?

ಹೆಬ್ಬಾಳದ ಟ್ರಾಫಿಕ್‌ನಲ್ಲಿ ಬಸ್ಸು ನಿಂತಿದೆ. ಯಲಹಂಕಕ್ಕೆ ಹೊರಟವರೊಬ್ಬರು ಮೊಬೈಲ್‌ನಲ್ಲಿ ಮೇಲ್ಸೇತುವೆಯ ಸುದ್ದಿ ಓದುತ್ತಿದ್ದಾರೆ. ನಡುವೆ ತೆರೆಯಷ್ಟೇ ಅಗಲದ ನಕ್ಷೆಯೊಂದು ಬರುತ್ತದೆ. ಮುಂದೆ ಓದೋಣವೆಂದು ಬೆರಳನ್ನು ಮೇಲಕ್ಕೆ ಎಳೆದರೆ ಪುಟ ಕದಲುವುದಿಲ್ಲ. ನಕ್ಷೆಯೊಳಗಿನ ಹೆಬ್ಬಾಳ ಮೇಲೆ ಸರಿದು, ಕೆಳಗಿನಿಂದ ಆರ್.ಟಿ. ನಗರ ಕಾಣಿಸಿಕೊಳ್ಳುತ್ತದೆ.

ಬೆರಳು ತಾಗಿದ ಕ್ಷಣದಲ್ಲಿ ಓದುಗರಿಗೆ ಏನು ಬೇಕೆಂದು ಬ್ರೌಸರ್‌ಗೆ ಗೊತ್ತಿರುವುದಿಲ್ಲ. ಸ್ಪರ್ಶವನ್ನು ಗಮನಿಸುವ ಜಾವಾಸ್ಕ್ರಿಪ್ಟ್ ಪುಟದಲ್ಲಿದ್ದರೆ, ಅದರ ಉತ್ತರಕ್ಕೆ ಕಾಯಬೇಕಾಗುತ್ತದೆ. ತೆರೆ ಸೆಕೆಂಡಿಗೆ 60 ಸಲ ಬದಲಾಗುವ ಫೋನಿನಲ್ಲಿ ಒಂದೊಂದು ಚಿತ್ರಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಸ್ಕ್ರಿಪ್ಟ್ ಬೇರೆ ಕೆಲಸದಲ್ಲಿ ಮುಳುಗಿದ್ದರೆ ಪುಟ ತಡವರಿಸುತ್ತದೆ. ಅಗ್ಗದ ಫೋನ್‌ಗಳಲ್ಲಿ ಇದು ಎದ್ದು ಕಾಣುತ್ತದೆ.

ಪುಟದ ರೂಪ ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್‌ನ 'ಟಚ್-ಆ್ಯಕ್ಷನ್' ಆ ಉತ್ತರವನ್ನು ಮೊದಲೇ ಬರೆದಿಡುತ್ತದೆ. ಮೈಕ್ರೋಸಾಫ್ಟ್ 2012ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 10ರಲ್ಲಿ ತಂದ ಈ ವ್ಯವಸ್ಥೆ 2015ರಲ್ಲಿ ಡಬ್ಲ್ಯು3ಸಿ ಸಂಸ್ಥೆಯ ವೆಬ್ ಮಾನದಂಡಕ್ಕೆ ಸೇರಿತು. 'ಪ್ಯಾನ್-ವೈ' ಎಂದು ಬರೆದರೆ ಮೇಲೆ-ಕೆಳಗಿನ ಎಳೆತ ಬ್ರೌಸರ್‌ನದು, ಅಡ್ಡ ಎಳೆತ ಸ್ಕ್ರಿಪ್ಟ್‌ನದು. ಪಕ್ಕಕ್ಕೆ ಸರಿಸಿ ನೋಡುವ ಫೋಟೊಗಳಿಗೆ ಇದೇ ಸರಿ. 'ನನ್' ಎಂದರೆ ಬ್ರೌಸರ್ ಪೂರ್ತಿ ಕೈಬಿಡುತ್ತದೆ. ನಕ್ಷೆಗಳಿಗೆ ಬಹಳವಾಗಿ ಬಳಕೆಯಲ್ಲಿರುವ 'ಲೀಫ್‌ಲೆಟ್' ತಂತ್ರಾಂಶ, ಎಳೆಯುವುದು ಮತ್ತು ಹಿಗ್ಗಿಸುವುದು ಎರಡೂ ಚಾಲ್ತಿಯಲ್ಲಿದ್ದಾಗ ಹಾಕಿಕೊಳ್ಳುವುದು ಈ 'ನನ್' ಅನ್ನೇ. ಬಸ್ಸಿನಲ್ಲಿ ಬೆರಳು ಸಿಕ್ಕಿಬೀಳುವುದು ಇಂಥ ಕಡೆ. ಒಂದೇ ಬೆರಳಿನ ಎಳೆತವನ್ನು ನಕ್ಷೆಯಿಂದ ತೆಗೆದುಹಾಕಿದರೆ ಪುಟ ಮತ್ತೆ ಸರಾಗವಾಗಿ ಸರಿಯುತ್ತದೆ, ಎರಡು ಬೆರಳಿಗೆ ನಕ್ಷೆ ಹಿಗ್ಗುತ್ತದೆ. ಸುದ್ದಿಪುಟಕ್ಕೆ ಇದೇ ಯೋಗ್ಯವೆಂದು ನನ್ನ ಅಭಿಪ್ರಾಯ.

ಇನ್ನೊಂದು ತೊಂದರೆ ಪಟ್ಟಿಗಳದು. ಪುಟದ ಮೇಲೆ ತೆರೆದ ನಿಲ್ದಾಣಗಳ ಪಟ್ಟಿಯಲ್ಲಿ ಯಶವಂತಪುರ ಹುಡುಕುತ್ತಾ ಕೊನೆ ತಲುಪಿದಿರಿ ಎನ್ನಿ. ಮತ್ತೂ ಎಳೆದರೆ ಹಿಂದಿನ ಪುಟ ಓಡತೊಡಗುತ್ತದೆ. 'ಓವರ್‌ಸ್ಕ್ರೋಲ್-ಬಿಹೇವಿಯರ್: ಕಂಟೇನ್' ಎಂಬ ಒಂದೇ ಸಾಲು ಅದನ್ನು ತಡೆಯುತ್ತದೆ. ಕ್ರೋಮ್‌ಗೆ ಇದು 2017ರಲ್ಲೇ ಬಂತು, ಸಫಾರಿಗೆ 2022ರಲ್ಲಿ.

ಇಡೀ ಪುಟಕ್ಕೇ 'ನನ್' ಹೇರುವುದನ್ನು ಮಾತ್ರ ಒಪ್ಪಲಾಗದು. ಕನ್ನಡದ ಒತ್ತಕ್ಷರಗಳು ಸಣ್ಣ ತೆರೆಯಲ್ಲಿ ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ; ಕಣ್ಣು ಮಂಜಾದವರು ಎರಡು ಬೆರಳಲ್ಲಿ ಹಿಗ್ಗಿಸಿಯೇ ಓದಬೇಕು. 'ನನ್' ಆ ದಾರಿಯನ್ನೂ ಮುಚ್ಚುತ್ತದೆ. ಅದರ ಬದಲು 'ಮ್ಯಾನಿಪ್ಯುಲೇಷನ್' ಎಂದು ಬರೆದರೆ ಸರಿಸುವುದೂ ಹಿಗ್ಗಿಸುವುದೂ ಉಳಿಯುತ್ತವೆ, ಎರಡು ಸಲ ತಟ್ಟಿ ದೊಡ್ಡದು ಮಾಡುವುದಷ್ಟೇ ನಿಲ್ಲುತ್ತದೆ.